ಕೇಳದೆ ಬಂದವರು

ಮಧ್ಯರಾತ್ರಿ ಕಳೆದ ಮೇಲೆ ಒಂದು ಸದ್ದಾಗುತ್ತದೆ. ಪಾತ್ರೆಯ ಮೇಲೆ ಮುಚ್ಚಳವನ್ನು ಮೆತ್ತಗೆ ಇಟ್ಟ ಹಾಗೆ, ಟಪ್ ಅಂತ, ಅಷ್ಟೇ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಆ ಸದ್ದಿಗೆ ನಾನು ದಡಬಡಿಸಿ ಎದ್ದು ಕೂರುತ್ತಿದ್ದೆ. ಈಗ ಏಳುವುದಿಲ್ಲ, ಕಣ್ಣು ಬಿಟ್ಟುಕೊಂಡು ಮಲಗಿರುತ್ತೇನೆ. ಮನೆ ಜಾಗ ಬದಲಿಸಿತು ಎಂದು ತಿಳಿಯುತ್ತದೆ. ಎಲ್ಲಿಗೆ ಬಂದು ನಿಂತಿದೆ ಎನ್ನುವುದು ಬೆಳಗಿನ ಮಾತು.

ಬೆಳಗ್ಗೆ ಬಾಗಿಲು ತೆಗೆದವರು ಅಂಗಳಕ್ಕೆ ನೀರು ಹಾಕುವ ಮೊದಲೇ ಪಕ್ಕದ ಬಾಗಿಲಿನ ಕಡೆ ತಿರುಗಿ ಕೇಳುತ್ತಾರೆ. "ರೀ, ನಾವು ಎಲ್ಲಿಗೆ ಬಂದಿದೀವಿ?" ಅವರು ಹಲ್ಲುಜ್ಜುತ್ತಲೇ ಹೇಳುತ್ತಾರೆ, "ಗಾಣದ ಹಿಂದೆ ಕಣಮ್ಮ. ನಾವು ಮೊನ್ನೆಯೇ ಬಂದ್ವಿ. ನೊಣ ಜಾಸ್ತಿ ಇಲ್ಲಿ, ಹಾಲು ಮುಚ್ಚಿಡು." ಗಾಣ, ಬಾವಿ, ಶಾಲೆ, ಆಸ್ಪತ್ರೆ, ಹಾಲಿನ ಸೊಸೈಟಿ, ಇವು ಯಾವುವೂ ಕದಲುವುದಿಲ್ಲ. ಕದಲುವುದು ಜನ ಮಲಗುವ ಮನೆಗಳು ಮಾತ್ರ. ಹೀಗಾಗಿ ಈ ಊರಿನಲ್ಲಿ ಕೇಳುವುದಕ್ಕೆ ಯಾರಿಗೂ ನಾಚಿಕೆಯಿಲ್ಲ. ಸಂಜೆ ಮನೆಗೆ ಹೊರಟ ಗಂಡಸರೆಲ್ಲ ಸಂತೆಮಾಳದ ಕಟ್ಟೆಯ ಹತ್ತಿರ ನಿಂತು, "ನಮ್ಮದು ಎಲ್ಲಿದೆಯಪ್ಪ ಇವತ್ತು?" ಎಂದು ಕೇಳಿಯೇ ಮುಂದೆ ಹೋಗಬೇಕು. ಕೇಳದೆ ದಾಟಿದವನನ್ನು ಜಂಬದವನು ಎನ್ನುತ್ತಾರೆ. ಕೇಳಿದವರಿಗೆ ನಿಜವನ್ನೇ ಹೇಳಬೇಕು, ಇದು ಇನ್ನೊಂದು ರೂಢಿ. ಯಾರಾದರೂ ತಪ್ಪಿ ನಮ್ಮ ಮನೆಗೆ ಬಂದರೆ ಮೊದಲು ಕಾಫಿ ಕೊಡಬೇಕು, ಆಮೇಲೆ "ಇದು ನಿಮ್ಮನೆಯಲ್ಲ" ಎನ್ನಬೇಕು. ಕಾಫಿಗೆ ಮುಂಚೆ ಹೇಳಿದರೆ ಒರಟುತನ.

ನಾನು ಹುಟ್ಟಿದ್ದು ಮನೆಗಳು ನಿಂತಲ್ಲೇ ನಿಂತಿರುವ ಊರಿನಲ್ಲಿ. ಬಿ.ಎ. ಮಾಡಿದ್ದೂ ಅಲ್ಲೇ. ಹೊರಗೆ ಹೊರಟರೆ ಬೀಗವನ್ನು ಎಳೆದೆಳೆದು ನೋಡುವವಳು ನಾನು. ಬೀಗ ಹಾಕಿದ ಮನೆಯೇ ಬೇರೆ ಕಡೆ ಹೋಗುವ ಊರಿಗೆ ಬಂದು ಸೇರಿದೆ. "ನಿಮ್ಮ ದಮ್ಮಯ್ಯ, ನಮ್ಮೂರಿಗೆ ಹೋಗಿಬಿಡೋಣ" ಎಂದು ನಮ್ಮ ಯಜಮಾನರಲ್ಲಿ ವರ್ಷಗಟ್ಟಲೆ ಗೋಗರೆದಿದ್ದೇನೆ. ಅವರ ಹೆಸರು ವಿರೂಪಾಕ್ಷಪ್ಪ. ಹಾಲಿನ ಸೊಸೈಟಿಯ ಸೆಕ್ರೆಟರಿಯಾಗಿದ್ದು ನಿವೃತ್ತರಾದವರು. ಮಾತಿಗೆ ಮುಂಚೆ ನಗುವ ಮನುಷ್ಯ. "ನಮ್ಮ ದಾಕ್ಷಾಯಿಣಿಗೆ ಏನೂ ಆಗದೇ ಇದ್ದರೆ ಭಯ. ಏನಾದರೂ ಆಗಿಬಿಟ್ಟರೆ ಗಟ್ಟಿ" ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ಅದರಲ್ಲಿ ಅರ್ಧ ಸುಳ್ಳು.

ಇವರು ನಿವೃತ್ತರಾದ ಮೇಲೆ ಆಸ್ಪತ್ರೆಗೆ ಹೊಸ ಡಾಕ್ಟರು ಬಂದರು, ಕುಶಾಲಪ್ಪ ಅಂತ. ಒಳ್ಳೆಯ ಡಾಕ್ಟರು, ಆದರೆ ದಾರಿ ಕೇಳಲು ಸಂಕೋಚ. ಸಂಜೆ ಚೀಲ ಹಿಡಿದು ತಮ್ಮ ಮನೆ ಹುಡುಕುತ್ತ ಊರೆಲ್ಲ ಸುತ್ತುತ್ತಿದ್ದರು. ಜನ "ಡಾಕ್ಟರಿಗೆ ವಾಕಿಂಗ್ ಅಂದರೆ ಪ್ರಾಣ" ಎಂದು ಮೆಚ್ಚಿಕೊಂಡರು. ಅವರು ಬಂದ ಸ್ವಲ್ಪ ದಿನಕ್ಕೆ, ವಯಸ್ಸಾದವರಿಗೆಲ್ಲ ಮರೆವಿನ ಕಾಯಿಲೆಯ ತಪಾಸಣೆ ಮಾಡುತ್ತೇನೆ, ಶುರುವಿನಲ್ಲೇ ಹಿಡಿದರೆ ಒಳ್ಳೆಯದು ಎಂದು ಸೊಸೈಟಿಯ ಸಭಾಂಗಣದಲ್ಲಿ ಕ್ಯಾಂಪು ಇಟ್ಟರು. ಓದಿದವಳು ಎಂದು ನನ್ನನ್ನು ಜೊತೆಗೆ ಕೂರಿಸಿಕೊಂಡರು.

ಮೊದಲು ಬಂದದ್ದು ಕೆಂಚಮ್ಮಜ್ಜಿ.

"ಅಜ್ಜಿ, ಇವತ್ತು ಯಾವ ವಾರ?"

ಅಜ್ಜಿ ಕತ್ತು ತಿರುಗಿಸಿ ಹಿಂದೆ ನಿಂತವಳನ್ನು ಕೇಳಿದಳು, "ಯಾವ ವಾರನೇ?"

"ಬುಧವಾರ."

"ಬುಧವಾರವಂತೆ ಡಾಕ್ಟ್ರೇ."

"ಬೇರೆಯವರು ಹೇಳಿಕೊಡಬಾರದು!"

"ಕೇಳಿದ್ರೆ ಹೇಳದೇ ಇರಕ್ಕಾಗತ್ತಾ? ನಿಮ್ಮ ಕಡೆ ಹಂಗಾ?" ಅಜ್ಜಿಗೆ ಪಾಪ ಅನ್ನಿಸಿತು.

"ಹೋಗಲಿ ಬಿಡಿ. ನಿಮ್ಮ ಮನೆ ಎಲ್ಲಿದೆ?"

"ಇವತ್ತಾ, ನಾಳೆನಾ?"

ಡಾಕ್ಟರು ನೀರು ಕುಡಿದರು. "ಮೂರು ಮಾತು ಹೇಳ್ತೀನಿ, ನೆನಪಿಟ್ಟುಕೊಳ್ಳಿ. ಆಮೇಲೆ ಕೇಳ್ತೀನಿ. ಹಲಸು, ಕೊಡೆ, ಬೆಂಚು." ನಡುವೆ ಬೇರೆ ಏನೇನೋ ಕೇಳಿ, ಗಡಿಯಾರದ ಚಿತ್ರ ಬರೆಸಿ, ಕೊನೆಗೆ, "ಆಗ ಹೇಳಿದ್ದೆನಲ್ಲ ಮೂರು ಮಾತು, ಏನವು?" ಎಂದರು. ಅಜ್ಜಿ ಹಿಂದಕ್ಕೆ ತಿರುಗಿದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ, "ಹಲಸು, ಕೊಡೆ, ಬೆಂಚು!" ಎಂದು ಕೂಗಿದರು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಡಾಕ್ಟರ ಮುಖ ಬಾಡಿಹೋಗಿತ್ತು. ನಾನು ಕೊಟ್ಟ ಮಜ್ಜಿಗೆಯನ್ನು ಕೈಯಲ್ಲಿ ಹಿಡಿದೇ ಕುಳಿತರು.

"ಮೇಡಂ, ನಾವು ಓದುವಾಗ ಒಂದು ಲಕ್ಷಣ ಹೇಳಿಕೊಟ್ಟಿದ್ದರು. ಈ ಕಾಯಿಲೆ ಶುರುವಾಗ್ತಿರೋರು ಪ್ರಶ್ನೆ ಕೇಳಿದ ಕೂಡಲೇ ಜೊತೆಗೆ ಬಂದವರ ಕಡೆ ತಿರುಗ್ತಾರೆ. ಹೆಂಡತಿ ಕಡೆ, ಮಗಳ ಕಡೆ. ಉತ್ತರ ಏನಾದರೂ ಇರಲಿ, ಕತ್ತಿನ ಮೇಲೆ ಕಣ್ಣಿಡಿ ಅಂತಿದ್ದರು ನಮ್ಮ ಪ್ರೊಫೆಸರು. ಇಲ್ಲಿ ಬೆಳಗ್ಗೆಯಿಂದ ಕತ್ತು ತಿರುಗಿಸದ ಪ್ರಾಣಿಯೇ ಇಲ್ಲ. ನಿಮ್ಮ ಅಧ್ಯಕ್ಷರ ಹೆಸರೇನು ಅಂತ ಅಧ್ಯಕ್ಷರನ್ನೇ ಕೇಳಿದೆ. ಅವರೂ ತಿರುಗಿ ನೋಡಿದರು!"

"ಅದು ಕಾಯಿಲೆಯಲ್ಲ ಡಾಕ್ಟ್ರೇ, ರೂಢಿ. ಇಲ್ಲಿ ಎಲ್ಲರೂ ಎಲ್ಲವನ್ನೂ ಕೇಳ್ತಾರೆ."

"ಹಾಗಾದರೆ ನಿಜವಾಗಿ ಕಾಯಿಲೆ ಇರೋರನ್ನ ನಾನು ಹೇಗೆ ಕಂಡುಹಿಡೀಲಿ?"

ಅಷ್ಟರಲ್ಲಿ ನಮ್ಮ ಯಜಮಾನರು ಶರಟಿನ ಕಾಲರು ಸರಿಪಡಿಸಿಕೊಳ್ಳುತ್ತ ಒಳಗೆ ಬಂದರು. ತಾವು ಇಷ್ಟು ವರ್ಷ ಕೆಲಸ ಮಾಡಿದ ಜಾಗದಲ್ಲೇ ಮದುವೆ ಮನೆಗೆ ಬಂದ ಬೀಗರ ಹಾಗೆ ಕೂತರು.

"ಇವತ್ತು ಯಾವ ವಾರ ಸಾರ್?"

"ಕ್ಯಾಂಪಿನ ವಾರ," ಎಂದು ನಕ್ಕರು. ಡಾಕ್ಟರೂ ನಕ್ಕರು. ಮೂರು ಮಾತು ಕೇಳಿದಾಗ, "ಹಲಸಿನ ಮಾತೆತ್ತಿದಿರಿ, ಹಸಿವಾಗೋಯ್ತು. ಉಳಿದದ್ದು ಊಟ ಆದಮೇಲೆ," ಎಂದರು. ಅಲ್ಲಿದ್ದವರೆಲ್ಲ ಗೊಳ್ಳೆಂದರು. ನಾನೂ ನಕ್ಕೆ.

"ನಿಮ್ಮ ಮನೆ ಎಲ್ಲಿ?"

"ಬಾವಿ ಪಕ್ಕ."

ತಡವರಿಸಲಿಲ್ಲ, ತಿರುಗಲಿಲ್ಲ, ನನ್ನ ಮುಖ ನೋಡಲಿಲ್ಲ. ಡಾಕ್ಟರು ಕುರ್ಚಿಯಿಂದ ಎದ್ದುಬಿಟ್ಟರು. "ಸಾರ್, ಇಡೀ ಊರಲ್ಲಿ ವಿಳಾಸ ಇರೋರು ನೀವೊಬ್ಬರೇ!" ಎಂದು ಕೈ ಕುಲುಕಿದರು. ಯಾರೋ ಚಪ್ಪಾಳೆ ತಟ್ಟಿದರು. ಇವರು ಸನ್ಮಾನ ಮಾಡಿಸಿಕೊಂಡವರ ಹಾಗೆ ನಾಲ್ಕು ಕಡೆಗೂ ಕೈ ಮುಗಿದರು.

ನಾನು ಮಜ್ಜಿಗೆಯ ಚೊಂಬು ಹಿಡಿದು ನಿಂತೇ ಇದ್ದೆ. ನಮ್ಮ ಮನೆ ಆ ದಿನ ಗಾಣದ ಹಿಂದೆ ಇತ್ತು. ಬಾವಿ ಪಕ್ಕ ಇದ್ದದ್ದು ನಾನು ಮದುವೆಯಾಗಿ ಬಂದ ವರ್ಷ. ಅದಾದ ಮೇಲೆ ಒಂದು ಸಲವೂ ಅತ್ತ ಹೋಗಿರಲಿಲ್ಲ.

ಅಲ್ಲಿಂದ ಮುಂದೆ ನಾನು ಇವರನ್ನು ನೋಡುತ್ತ ಕುಳಿತೆ. ಹಲ್ಲುಜ್ಜುವುದನ್ನು ನೋಡಿದೆ, ಗುಂಡಿ ಹಾಕಿಕೊಳ್ಳುವುದನ್ನು ನೋಡಿದೆ. "ಏನೇ ಅದು, ನನ್ನ ಮೂಗಿನ ಮೇಲೆ ಏನಾದರೂ ಕೂತಿದೆಯಾ?" ಎಂದು ರೇಗಿದರು. ಆಗ ಇನ್ನೊಂದು ವಿಷಯ ಗಮನಕ್ಕೆ ಬಂತು. ಕೆಲವು ತಿಂಗಳಿಂದ ಇವರು ಸಂಜೆ ಮನೆಯಲ್ಲಿ ಕಾಫಿ ಕುಡಿಯುತ್ತಿರಲಿಲ್ಲ. ತಡವಾಗಿ, ಯಾರದೋ ಹೆಗಲ ಮೇಲೆ ಕೈಹಾಕಿಕೊಂಡು ಬರುತ್ತಿದ್ದರು. ಕಾಫಿ ಕೊಡಲಾ ಎಂದರೆ, "ಕೊಟ್ಟೆಯಲ್ಲ ಆಗಲೇ," ಎನ್ನುತ್ತಿದ್ದರು. ಹೊಟ್ಟೆಗೆ ಸರಿಯಿಲ್ಲವೇನೋ ಎಂದುಕೊಂಡಿದ್ದೆ. ಈಗ ನೆನೆದಾಗ ಬೇರೆಯೇ ಅನುಮಾನ ಬಂತು. ಯಾರು ಕೊಡುತ್ತಿದ್ದಾರೆ ಕಾಫಿ? ಈ ವಯಸ್ಸಿನಲ್ಲಿ? ಮರೆವಿಗಿಂತ ಆ ಯೋಚನೆಯೇ ನನಗೆ ಒಂದು ಕ್ಷಣ ಸಮಾಧಾನ ತಂದಿತು ಎಂದರೆ ನಂಬುತ್ತೀರಾ? ಅದಕ್ಕಾದರೆ ಜಗಳ ಆಡಬಹುದು.

ಮರುದಿನ ಸಂಜೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಹಿಂದೆಯೇ ಹೋದೆ. ನಿವೃತ್ತರಾದ ಮೇಲೂ ಹರಟೆಗೆ ಹೋಗುತ್ತಿದ್ದ ಸೊಸೈಟಿಯಿಂದ ಹೊರಟರು. ಕಟ್ಟೆಯ ಮೇಲಿದ್ದವರು, "ವಿರೂಪಾಕ್ಷಣ್ಣ, ಗಾಣದ ಹಿಂದೆ!" ಎಂದು ತಾವಾಗಿಯೇ ಕೂಗಿದರು. ಇವರು ಕೈಬೀಸಿ, ಕೇಳಿಸಿಕೊಳ್ಳದೆ ನಡೆದರು. ಎಷ್ಟು ಧೈರ್ಯದ ನಡಿಗೆ ಅಂತೀರಿ! ಡಾಕ್ಟರು ನೋಡಿದ್ದರೆ ಮತ್ತೆ ಕೈ ಕುಲುಕುತ್ತಿದ್ದರು. ನೇರ ಬಾವಿಯ ಹತ್ತಿರ ಹೋಗಿ, ಅದರ ಪಕ್ಕದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಅದು ಆ ವಾರ ಅಲ್ಲಿಗೆ ಬಂದಿದ್ದ ನೀಲಕ್ಕನ ಮನೆ. ನೀಲಕ್ಕ ಕಾಫಿ ಲೋಟ ತಂದಿಟ್ಟಳು.

ಬಾಗಿಲಲ್ಲಿ ನನ್ನನ್ನು ಕಂಡು ಅವಳ ಮುಖ ಸಣ್ಣದಾಯಿತು. ಹತ್ತಿರ ಬಂದು ಪಿಸುಗುಟ್ಟಿದಳು, "ದಾಕ್ಷಾಯಿಣಕ್ಕ, ಬಾವಿ ಪಕ್ಕ ಯಾರ ಮನೆ ಬಂದ್ರೂ ಅಣ್ಣ ಬರ್ತಾರೆ. ಕಾಫಿ ಕೊಡ್ತೀವಿ. ಆಮೇಲೆ ಇದು ನಿಮ್ಮನೆಯಲ್ಲ ಅಂತ ಹೇಳಕ್ಕೆ ಯಾರಿಗೂ ಬಾಯಿ ಬರಲ್ಲ. ಯಾರಾದ್ರೂ ನಿಮ್ಮನೆ ತನಕ ಬಿಟ್ಟು ಬರ್ತೀವಿ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ವಿ."

ಒಳಗಿನಿಂದ ಇವರು ಕೂಗಿದರು, "ಅಲ್ಲೇನು ಹೊರಗೆ ನಿಂತಿದ್ದೀಯ? ಕಾಫಿಗೆ ಸಕ್ಕರೆ ಸಾಲದು ಕಣೆ."

ನೀಲಕ್ಕ ನನ್ನ ಕೈಗೆ ಸಕ್ಕರೆ ಡಬ್ಬಿ ಕೊಟ್ಟಳು. ನಾನು ಅವಳ ಮನೆಯ ಯಜಮಾನಿಯ ಹಾಗೆ ಹೋಗಿ ಸಕ್ಕರೆ ಹಾಕಿ ಕಲಕಿದೆ. ಇವರು ಒಂದು ಗುಟುಕು ಕುಡಿದು, ನೀಲಕ್ಕನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದರು, "ರಾತ್ರಿ ಸದ್ದಾದರೆ ಹೆದರಬೇಡ. ಹೊಸದರಲ್ಲಿ ಹಾಗೆ ಅನ್ನಿಸತ್ತೆ. ಮನೆ ಎಲ್ಲಿಗೆ ಹೋದರೂ ನಾನು ಬಂದು ಸೇರ್ತೀನಿ."

ಡಬ್ಬಿಯ ಮುಚ್ಚಳ ಹಾಕುತ್ತ ತೆಗೆಯುತ್ತ ನಿಂತಿದ್ದೆ. ಆಗ ಹೊರಗಿನಿಂದ ದನಿ ಬಂತು. "ನೀಲಾ, ನಮ್ಮನೆ ತಾನೆ ಇದು?"

ಅದು ನೀಲಕ್ಕನ ಗಂಡ ಪುಟ್ಟವೀರಪ್ಪ. ಪಾಪ, ರೂಢಿಯ ಪ್ರಕಾರ ಕಟ್ಟೆಯ ಹತ್ತಿರ ಕೇಳಿ, ಬಾಗಿಲಲ್ಲೂ ಕೇಳುತ್ತಿದ್ದ. ನೀಲಕ್ಕ ನನ್ನ ಮುಖ ನೋಡಿದಳು. ಕುರ್ಚಿಯಲ್ಲಿ ಆರಾಮಾಗಿ ಕಾಲು ಚಾಚಿದ್ದ ನಮ್ಮವರನ್ನು ನೋಡಿದಳು. ಬಾಗಿಲಿಗೆ ಅಡ್ಡ ನಿಂತು, "ಅಲ್ಲ ಕಣ್ರೀ. ಮುಂದಿನ ತಿರುವು," ಎಂದಳು.

ಪುಟ್ಟವೀರಪ್ಪ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮತ್ತೆ ನೀನು?"

"ನಾನು ಕಾಫಿಗೆ ಬಂದಿದೀನಿ."

ಈ ಊರಿನಲ್ಲಿ ಕೇಳಿದವರಿಗೆ ಯಾರೂ ಸುಳ್ಳು ಹೇಳಿದ್ದಿಲ್ಲ. ಅವನು ತಲೆಯಾಡಿಸಿ, ಬೇಗ ಬಾ ಎಂದು ಹೇಳಿ ಹೊರಟುಹೋದ. ನಮ್ಮವರು ಲೋಟ ಕೆಳಗಿಟ್ಟು ಮರುಗಿದರು. "ಪಾಪ, ಮನೆ ಗೊತ್ತಾಗದೆ ಅಲೀತಿದಾನೆ. ಯಾರಾದರೂ ಡಾಕ್ಟರಿಗೆ ತೋರಿಸಬಾರದಾ?"

ಪುಟ್ಟವೀರಪ್ಪ ತಾನೇ ತೋರಿಸಿಕೊಂಡ. ನಾಲ್ಕು ದಿನ ಧೈರ್ಯ ಸಾಲದೆ ಒದ್ದಾಡಿ ನಾನು ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಬೆಂಚಿನ ಮೇಲೆ ಅವನು ಹೆಂಡತಿಯ ಜೊತೆ ಕೂತಿದ್ದ. ತನ್ನ ಮನೆಯ ಮುಂದೆಯೇ ನಿಂತು, ತನ್ನ ಹೆಂಡತಿಯನ್ನೇ ಕಣ್ಣಾರೆ ನೋಡಿ, ಅದು ಬೇರೆಯವರ ಮನೆ ಅನ್ನಿಸಿತಂತೆ. ರಾತ್ರಿ ಊಟದ ಹೊತ್ತಿನವರೆಗೂ ಅಲೆದನಂತೆ, ಕೊನೆಗೆ ನೋಡಿದರೆ ಅದೇ ಮನೆ! ತನಗೆ ಮರೆವು ಹಿಡಿದಿದೆ ಎಂದು ಡಾಕ್ಟರ ಕೈ ಹಿಡಿದುಕೊಂಡು ಅಳುವುದೊಂದು ಬಾಕಿ. ನೀಲಕ್ಕ ಸೀಲಿಂಗ್ ನೋಡುತ್ತಿದ್ದಳು. ಡಾಕ್ಟರು ಕಾಲು ಗಂಟೆ ಏನೇನೋ ಕೇಳಿ, ಬರೆಸಿ, ನೂರರಿಂದ ಏಳೇಳು ಕಳೆಸಿ, ಬೆನ್ನು ತಟ್ಟಿದರು.

"ನಿಮಗೇನೂ ಇಲ್ಲ. ನನಗೆ ಮರೆವು, ನನಗೆ ಮರೆವು ಅಂತ ತಾವೇ ಓಡಿ ಬರೋರಿಗೆ ಸಾಮಾನ್ಯವಾಗಿ ಏನೂ ಇರಲ್ಲ. ತನಗೇನೂ ಆಗಿಲ್ಲ ಅಂತ ನಗ್ತಾ ಕೂತಿರೋರನ್ನ ಮನೆಯವರು ಕರ್ಕೊಂಡು ಬರ್ತಾರಲ್ಲ, ಅಲ್ಲಿ ನನಗೆ ಯೋಚನೆ."

ಹೇಳಿ ತಲೆಯೆತ್ತಿದರೆ ಎದುರಿಗೆ ನಗುತ್ತ ಕೂತಿದ್ದವರು ನಮ್ಮ ಯಜಮಾನರು. ಪಕ್ಕದಲ್ಲಿ ನಾನು.

"ಮತ್ತೆ ನನ್ನ ಮನೆ ನನಗೇ ಯಾಕೆ..." ಎಂದು ಪುಟ್ಟವೀರಪ್ಪ ಶುರುಮಾಡಿದ.

"ಎದ್ದೇಳ್ರಿ, ಆಮೇಲೆ ಹೇಳ್ತೀನಿ," ಎಂದು ನೀಲಕ್ಕ ಅವನ ತೋಳು ಹಿಡಿದು ಎಬ್ಬಿಸಿಕೊಂಡು ಹೋದಳು.

ಬಾಗಿಲು ಹಾಕಿಕೊಂಡು ನಾನು ಎಲ್ಲವನ್ನೂ ಹೇಳಿದೆ. ಬಾವಿ, ಕಾಫಿ, ಸಕ್ಕರೆ, ಕೇಳದೆ ನಡೆಯುವ ನಡಿಗೆ. "ಡಾಕ್ಟ್ರೇ, ಆವತ್ತು ಕೇಳಿದಿರಲ್ಲ, ಇಲ್ಲಿ ಹೇಗೆ ಕಂಡುಹಿಡೀಲಿ ಅಂತ. ಇಲ್ಲಿ ತಿರುಗಿ ನೋಡೋರು ಚೆನ್ನಾಗಿದಾರೆ. ನೋಡದೇ ಇರೋರು..."

ಡಾಕ್ಟರು ನಗಲಿಲ್ಲ. ಇವರ ಎದುರಿಗೆ ಕುರ್ಚಿ ಎಳೆದುಕೊಂಡು ಮೊದಲಿನಿಂದ ಶುರುಮಾಡಿದರು. ಈ ಸಲ ತಮಾಷೆಗೆ ಸೋಲಲಿಲ್ಲ. ಪೆನ್ನು ತೋರಿಸಿ ಇದೇನು ಎಂದರು. "ಬರೆಯೋದು," ಎಂದರು ಇವರು. ವಾಚಿನ ಪಟ್ಟಿ ತೋರಿಸಿದರು. "ಕಟ್ಟೋದು." ಗಡಿಯಾರ ಬರೆಯಿರಿ ಎಂದರೆ ಚೆಂದದ ಒಂದು ಸುತ್ತು ಎಳೆದು, ಹನ್ನೆರಡು ಅಂಕಿಗಳನ್ನೂ ಬಲಗಡೆಯ ಅರ್ಧದಲ್ಲೇ ತುರುಕಿದರು.

"ಎಡಗಡೆ ಖಾಲಿ ಬಿಟ್ಟಿದೀರಲ್ಲ ಸಾರ್?"

"ನಾಳೆಗೆ ಬೇಕಾಗತ್ತೆ."

ನೂರರಲ್ಲಿ ಏಳು ಕಳೆಯಿರಿ ಎಂದಾಗ ತೊಂಬತ್ತಮೂರು ಎಂದವರು ಅಲ್ಲಿಗೇ ನಿಂತು, "ಸೊಸೈಟಿಯವರಿಗೆ ಕೂಡಿಸೋದೇ ಅಭ್ಯಾಸ ಡಾಕ್ಟ್ರೇ, ಕಳೆಯೋದಲ್ಲ," ಎಂದು ನನ್ನ ಕಡೆ ಕಣ್ಣು ಮಿಟುಕಿಸಿದರು. ನನಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡೆ.

ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ಹೇಳಿದರು. ಒಂದು ದಿನದ ಪರೀಕ್ಷೆಯಿಂದ ಇದೇ ಎಂದು ಹೇಳಲಾಗದು. ಥೈರಾಯ್ಡು, ಬಿ ಹನ್ನೆರಡು ಕಡಿಮೆಯಿದ್ದರೂ ಹೀಗಾಗಬಹುದು, ರಕ್ತ ಪರೀಕ್ಷೆ ಮಾಡಿಸೋಣ. ಆದರೆ ಲಕ್ಷಣ ನೋಡಿದರೆ ಶುರುವಾಗಿರುವ ಹಾಗಿದೆ. ವಾದ ಮಾಡಬೇಡಿ. ದಿನಾ ಅದೇ ಹೊತ್ತಿಗೆ ಅದೇ ಕಡೆ ಕಾಫಿ ಸಿಗಲಿ. ಪ್ರತಿ ವಾರ ಬಂದು ನನಗೆ ಹೇಳಿ. "ಇನ್ನೊಂದು ಮಾತು ಮೇಡಂ. ಸ್ವಂತ ಮನೆಯೊಳಗೆ ಕೂತೇ ಇದು ನನ್ನ ಮನೆಯಲ್ಲ ಅಂದರೆ ತಕ್ಷಣ ತಿಳಿಸಿ. ಆಗ ಇವರನ್ನ ಮನೆಗಳು ನಿಂತಿರೋ ಊರಿಗೆ ಕರ್ಕೊಂಡು ಹೋಗೋದೇ ಒಳ್ಳೇದು."

ಇಷ್ಟು ವರ್ಷ ನಾನು ಬೇಡಿಕೊಂಡದ್ದನ್ನು ಡಾಕ್ಟರೇ ಬಾಯಿಬಿಟ್ಟು ಹೇಳುತ್ತಿದ್ದರು. ಈಗ ನನಗೇ ಅದು ಬೇಡವಾಗಿತ್ತು. ನಮ್ಮೂರು ನನಗೆ ಗೊತ್ತು. ಅಲ್ಲಿ ಮನೆಗಳು ನಿಂತಿರುತ್ತವೆ, ಬಾಗಿಲುಗಳು ಹಾಕಿರುತ್ತವೆ. ತಪ್ಪಿ ಒಳಗೆ ಕಾಲಿಟ್ಟವನಿಗೆ ಅಲ್ಲಿ ಕಾಫಿ ಕೊಡುವುದಿಲ್ಲ, ಕಿರುಚುತ್ತಾರೆ. ಈ ಮನುಷ್ಯ ಅಲ್ಲಿ ನಗುನಗುತ್ತ ಯಾರ ಮನೆಯ ಕುರ್ಚಿಯಲ್ಲಿ ಕೂತಾರು?

ಅವತ್ತಿನಿಂದ ಸಂಜೆಯಾದರೆ ನಾನು ನಮ್ಮ ಡಿಕಾಕ್ಷನ್ನು, ಹಾಲು, ಸಕ್ಕರೆ ಹಿಡಿದು ಬಾವಿ ಪಕ್ಕಕ್ಕೆ ಹೋಗತೊಡಗಿದೆ. ಅಲ್ಲಿಗೆ ಯಾರ ಮನೆ ಬಂದಿರುತ್ತದೋ ಅವರ ಅಡುಗೆಮನೆ ನನ್ನದು. "ಬನ್ನಿ ಅಕ್ಕ, ಒಲೆ ಖಾಲಿ ಇದೆ" ಎಂದು ಜಾಗ ಬಿಡುತ್ತಿದ್ದರು. ಆ ಮನೆಯ ಗಂಡಸರು ಅಷ್ಟು ಹೊತ್ತು ಬಾವಿಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಒಬ್ಬ ಮಾತ್ರ ಗೊಣಗಿದ, ಅವನಿಗೂ ಒಂದು ಲೋಟ ಕೊಟ್ಟೆ. ಹೆಂಡತಿಯಿಂದ ವಿಷಯ ತಿಳಿದ ಪುಟ್ಟವೀರಪ್ಪ ನನ್ನನ್ನು ಕಂಡಾಗಲೆಲ್ಲ, "ನನ್ನ ತಲೆ ಸರಿಯಿದೆ ಅಂತ ಡಾಕ್ಟ್ರು ಹೇಳಿದಾರೆ, ನಿನ್ನ ಗಂಡನ ದಯೆ," ಎಂದು ಕೆಣಕುತ್ತಿದ್ದ. ಪ್ರತಿ ವಾರ ಡಾಕ್ಟರ ಹತ್ತಿರ ಹೋಗಿ ಒಂದನ್ನೂ ಬಿಡದೆ ಹೇಳುತ್ತಿದ್ದೆ. ರಕ್ತದ ವರದಿಯಲ್ಲಿ ಥೈರಾಯ್ಡು, ಬಿ ಹನ್ನೆರಡು ಎರಡೂ ಸರಿಯಿದ್ದವು, ಆಸೆ ಇಟ್ಟುಕೊಳ್ಳುವಂಥದ್ದು ಏನೂ ಸಿಗಲಿಲ್ಲ.

ಮೊನ್ನೆ ಬೆಳಗ್ಗೆ ಎದ್ದು ಬಾಗಿಲು ತೆಗೆದು ಕೇಳಿದೆ. ಪಕ್ಕದ ಮನೆಯವಳು ಮುಂದಕ್ಕೆ ಕೈ ತೋರಿಸಿದಳು. ಎದುರಿಗೇ ಬಾವಿಯಿತ್ತು.

ಮದುವೆಯಾದ ವರ್ಷದ ಜಾಗ. ನಾನು ಇಡೀ ದಿನ ಮನೆ ಒರೆಸಿದೆ. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದೆ. ಇವತ್ತು ಇವರು ನೇರ ನಡೆದು ಬಂದರೆ ಬರುವುದು ನಮ್ಮ ಮನೆಗೇ. ಇವತ್ತೊಂದು ದಿನ ಅವರು ಸರಿ, ಇಡೀ ಊರೇ ತಪ್ಪು. ಸಂಜೆ ಡಿಕಾಕ್ಷನ್ನನ್ನು ಗಟ್ಟಿಯಾಗಿ ಇಳಿಸಿ, ಅವರಿಗೆ ಬೇಕಾದಷ್ಟು ಸಕ್ಕರೆ ಹಾಕಿಟ್ಟೆ.

ಬಂದರು. ಚಪ್ಪಲಿ ಬಿಟ್ಟು, ತಮ್ಮದೇ ಕುರ್ಚಿಯಲ್ಲಿ ಕೂತರು. ನಾನು ಲೋಟ ಕೊಟ್ಟು ಎದುರಿಗೆ ನಿಂತೆ. ಗೋಡೆಯನ್ನು, ಗೋಡೆಯ ಮೇಲಿದ್ದ ನಮ್ಮ ಮದುವೆಯ ಫೋಟೋವನ್ನು, ಕಿಟಕಿಯನ್ನು ನೋಡುತ್ತ ನಿಧಾನವಾಗಿ ಕುಡಿದು ಮುಗಿಸಿದರು. ಲೋಟವನ್ನು ಕೆಳಗಿಟ್ಟು, ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

"ಜನ ಒಳ್ಳೆಯವರು. ಕಾಫಿ ಮಾತ್ರ ಅಷ್ಟಕ್ಕಷ್ಟೆ. ನಡಿ, ನಮ್ಮನೆಗೆ ಹೋಗೋಣ."

ಡಾಕ್ಟರ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಬಟ್ಟೆ ಬರೆ ಕಟ್ಟುವುದು, ನಮ್ಮೂರಿನ ಹಾಕಿದ ಬಾಗಿಲುಗಳು, ಎಲ್ಲವೂ ಕಣ್ಣ ಮುಂದೆ ಬಂದು ಹೋದವು. ಹೊರಗೆ ನೋಡಿದೆ. ಬಾವಿಯ ಹತ್ತಿರ ಯಾರೂ ಇರಲಿಲ್ಲ, ಪಕ್ಕದವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ನಡೀರಿ," ಎಂದೆ.

ಚಪ್ಪಲಿ ಮೆಟ್ಟಿಕೊಂಡು ಹೊರಟೆವು. "ಮನೆಯವರಿಗೆ ಹೇಳಿ ಬರಬೇಕಿತ್ತು," ಎಂದರು. "ಹೇಳಿದೀನಿ," ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಬೀದಿಯಲ್ಲಿ ಯಾವತ್ತೂ ಹಿಡಿದವರಲ್ಲ. ಸೊಸೈಟಿಯಲ್ಲಿ ಹಾಲಿಗೆ ನೀರು ಬೆರೆಸುತ್ತಿದ್ದ ಯಾರದೋ ಹಳೆಯ ಕತೆಯನ್ನು ಒಂದು ಮಾತೂ ತಪ್ಪದೆ ಹೇಳುತ್ತ ನಡೆದರು. ಬಾವಿಯನ್ನು ಒಂದು ಸುತ್ತು ಹಾಕಿದೆವು. ಕತೆ ಮುಗಿಯದಿದ್ದುದರಿಂದ ಇನ್ನೊಂದು ಸುತ್ತು ಹಾಕಿದೆವು. ಮತ್ತೆ ಅದೇ ಬಾಗಿಲಿಗೆ ಬಂದು ನಿಂತಾಗ ಅವರು ಮಾವಿನ ಸೊಪ್ಪನ್ನು ತಲೆಯೆತ್ತಿ ನೋಡಿದರು.

"ಹಾಂ, ಬಂದ್ವಿ ನೋಡು," ಎಂದು ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕುಸಿದು ಕೂತರು. "ಎಲ್ಲಿ ಹೋದ್ರೂ ನಮ್ಮನೆ ಥರ ಆಗಲ್ಲ ಕಣೆ. ಕಾಫಿ ಮಾಡು, ಅಲ್ಲಿಯದು ಬಾಯಿಗೇ ಹತ್ತಲಿಲ್ಲ."

ಉಳಿದಿದ್ದ ಅದೇ ಡಿಕಾಕ್ಷನ್ನನ್ನು ಬಿಸಿ ಮಾಡಿ ಕೊಟ್ಟೆ. ಚಪ್ಪರಿಸಿ ಕುಡಿದರು.

ನಾಳೆ ಡಾಕ್ಟರ ಹತ್ತಿರ ಹೋಗುವ ದಿನ. ನಿದ್ದೆ ಹೇಗಿದೆ ಎಂದು ಕೇಳುತ್ತಾರೆ, ಹೇಳುತ್ತೇನೆ. ಊಟ, ಸ್ನಾನ, ಮಾತು, ಎಲ್ಲವನ್ನೂ ಹೇಳುತ್ತೇನೆ. ಬೇರೇನಾದರೂ ಎಂದು ಕೇಳಿದರೆ ಮನೆ ಬಾವಿ ಪಕ್ಕಕ್ಕೆ ಬಂದಿದೆ, ನೇರ ಮನೆಗೇ ಬಂದರು ಎನ್ನುತ್ತೇನೆ. ಅದು ಸ್ವಲ್ಪವೂ ಸುಳ್ಳಲ್ಲ. ಬಾವಿಯ ಸುತ್ತ ಕೈಹಿಡಿದು ನಡೆದ ಆ ಎರಡು ಸುತ್ತಿನ ವಿಷಯವನ್ನು ಮಾತ್ರ ಡಾಕ್ಟರಿಗಾಗಲಿ, ನೀಲಕ್ಕನಿಗಾಗಲಿ, ಯಾರು ಎಷ್ಟು ಕೇಳಿದರೂ ಹೇಳುವುದಿಲ್ಲ.